ದೂರದರ್ಶನದ ಏಳಿಗೆಯಲ್ಲಿ ರೈತನ ಪಾಲು



ನಮ್ಮ ರಾಷ್ಟ್ರೀಯ ದೂರದರ್ಶನದ ಸ್ಥಿತಿ ಈಚಿನ ವರ್ಷಗಳಲ್ಲಿ ಸುಧಾರಿಸಿದೆ. ಖಾಸಗಿ ವಾಹಿನಿಗಳ ಭರಾಟೆಯಲ್ಲಿ ಅದರ ಕಾಲ ಮುಗಿಯಿತೆಂದು ಹೇಳುತ್ತಿದ್ದವರು ಈಗ ಆ ಮಾತನ್ನು ಅಷ್ಟು ಧೈರ್ಯವಾಗಿ ಆಡಲಾರರು. ಇದು ಪಟ್ಟಣದವರ ಸುದ್ದಿ, ನಮಗೇನು ಎಂದು ನೀವು ಕೇಳಬಹುದು. ಈ ಸುಧಾರಣೆಗೆ ಬಹುಮಟ್ಟಿಗೆ ಕಾರಣರಾದವರು ಹಳ್ಳಿಯ ಪ್ರೇಕ್ಷಕರು. ಆದ್ದರಿಂದ ಅದರ ಫಲದಲ್ಲಿ ನಿಮಗೂ ಪಾಲಿದೆ. ಆ ಪಾಲನ್ನು ಕೇಳಿ ಪಡೆಯಬೇಕು ಎಂಬುದೇ ಈ ಲೇಖನದ ಅಭಿಪ್ರಾಯ.

ಬೇಸಾಯದೊಂದಿಗೆ ಬೆಳೆದ ಸಂಸ್ಥೆ

ದೂರದರ್ಶನ ಪ್ರಸಾರ ನಮ್ಮ ದೇಶದಲ್ಲಿ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1967ರ ಜನವರಿ 26ರಂದು ‘ಕೃಷಿ ದರ್ಶನ’ ಕಾರ್ಯಕ್ರಮ ಮೊದಲಾಯಿತು. ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ಸಾಮೂಹಿಕ ವೀಕ್ಷಣೆಗಾಗಿ ಟೆಲಿವಿಷನ್ ಪೆಟ್ಟಿಗೆಗಳನ್ನು ಇಡಲಾಗಿತ್ತು. ಅಧಿಕ ಇಳುವರಿಯ ಗೋಧಿ ತಳಿಗಳು ಹೊಲಕ್ಕೆ ಬರುತ್ತಿದ್ದ ಕಾಲ ಅದು.

ಕರ್ನಾಟಕದ ಮಟ್ಟಿಗೆ ಈ ಕಥೆ ಇನ್ನೂ ಸ್ವಾರಸ್ಯವಾಗಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಬಿತ್ತರಿಸುವ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಇದಕ್ಕೆ ಆರಿಸಿಕೊಂಡದ್ದು ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳನ್ನು. ಮುಂದೆ 1977ರಲ್ಲಿ ಗುಲಬರ್ಗಾದಲ್ಲಿ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲೇ ಒಣ ಬೇಸಾಯದ ರೈತನ ಹಳ್ಳಿಗೆ ದೂರದರ್ಶನ ತಲುಪಿತ್ತು.

ಇಳಿತ ಮತ್ತು ಚೇತರಿಕೆ

1982ರಲ್ಲಿ ಬಣ್ಣದ ಪ್ರಸಾರ ಬಂದಿತು. 1987ರಲ್ಲಿ ‘ರಾಮಾಯಣ’ ಆರಂಭವಾದ ಮೇಲೆ ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದವು. ಆದರೆ 1991ರ ನಂತರ ಕೇಬಲ್ ಮತ್ತು ಖಾಸಗಿ ವಾಹಿನಿಗಳು ಬಂದವು. ಪ್ರೇಕ್ಷಕರು ಅತ್ತ ಹೊರಳಿದರು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ದೂರದರ್ಶನವಿದ್ದೂ ಇಲ್ಲದಂತಾಯಿತು.

2020ರ ಮಾರ್ಚ್‌ನಲ್ಲಿ ಕೊರೊನಾ ನಿರ್ಬಂಧದಿಂದ ಜನ ಮನೆಯಲ್ಲೇ ಉಳಿದಾಗ, ಮರುಪ್ರಸಾರವಾದ ‘ರಾಮಾಯಣ’ ಅದನ್ನು ಕೆಲವು ವಾರ ದೇಶದಲ್ಲೇ ಅತಿ ಹೆಚ್ಚು ಜನ ನೋಡುವ ವಾಹಿನಿಯಾಗಿಸಿತು. ಆ ಅಲೆ ಬಂದಂತೆಯೇ ಇಳಿಯಿತು. ನಿಂತ ಬಲ ಬೇರೆಡೆ ಇದೆ. 2004ರ ಡಿಸೆಂಬರ್‌ನಲ್ಲಿ ಆರಂಭವಾದ ಉಚಿತ ಡಿಶ್ ಸೇವೆಯೇ ಆ ಬಲ. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರೆ ಸಾಕು, ತಿಂಗಳ ಬಾಡಿಗೆಯಿಲ್ಲ. ಈಗ ದೇಶದಲ್ಲಿ 4 ಕೋಟಿಗೂ ಮೀರಿದ ಮನೆಗಳಲ್ಲಿ ಇದು ಇದೆ. ಇವುಗಳಲ್ಲಿ ಹಳ್ಳಿಯ ಮನೆಗಳೇ ಹೆಚ್ಚು.

ಹಣ ಎಲ್ಲಿಂದ ಬರುತ್ತದೆ?

ಇಷ್ಟು ಮನೆಗಳನ್ನು ಒಮ್ಮೆಗೇ ಮುಟ್ಟುವ ಆಸೆಯಿಂದ ಖಾಸಗಿ ವಾಹಿನಿಗಳು ಈ ಸೇವೆಯಲ್ಲಿ ಸ್ಥಾನ ಪಡೆಯಲು ಹರಾಜಿನಲ್ಲಿ ಪೈಪೋಟಿ ನಡೆಸುತ್ತವೆ. 2023-24ನೇ ಸಾಲಿಗೆ ನಡೆದ ಹರಾಜಿನ ಮೊತ್ತ ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. ಇದಲ್ಲದೆ ಪ್ರಸಾರ ವ್ಯವಸ್ಥೆಯ ನವೀಕರಣಕ್ಕಾಗಿ 2539.61 ಕೋಟಿ ರೂಪಾಯಿಗಳ ಯೋಜನೆಗೆ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹರಾಜಿನಲ್ಲಿ ಬೆಲೆ ಬಂದದ್ದು ಯಾವುದಕ್ಕೆ? ನಿಮ್ಮ ಮಾಳಿಗೆಯ ಮೇಲಿನ ತಟ್ಟೆಗೆ, ಅದರ ಮುಂದೆ ಕೂರುವ ನಿಮ್ಮ ಮನೆಯವರಿಗೆ. ಹಾಲು ಕೊಡುವ ಹಸುವಿಗೆ ಹಿಂಡಿ ಹಾಕುವುದು ನ್ಯಾಯ. ಗಳಿಸಿದ ಹಣದಲ್ಲಿ ಒಂದು ಭಾಗ ಬೇಸಾಯದ ಕಾರ್ಯಕ್ರಮಗಳಿಗೆ ಹಿಂತಿರುಗಬೇಕು.

ನಮಗೆ ಬೇಕಾದುದೇನು?

ರೈತರಿಗಾಗಿ ಪ್ರತ್ಯೇಕ ವಾಹಿನಿ ಈಗಾಗಲೇ ಇದೆಯಲ್ಲ ಎನ್ನಬಹುದು. ನಿಜ. 2015ರ ಮೇ 26ರಂದು ‘ಡಿಡಿ ಕಿಸಾನ್’ ಆರಂಭವಾಯಿತು. 2024ರ ಮೇ ತಿಂಗಳಲ್ಲಿ ಅದಕ್ಕೆ ಕೃತಕ ಬುದ್ಧಿಮತ್ತೆಯ ಇಬ್ಬರು ಯಂತ್ರ ನಿರೂಪಕರೂ ಬಂದರು. ಅವರು 50 ಭಾಷೆಗಳಲ್ಲಿ ಮಾತನಾಡಬಲ್ಲರೆಂದು ಪ್ರಕಟಿಸಲಾಯಿತು. ಸಂತೋಷವೇ. ಆದರೆ ಭಾಷೆ ಬದಲಾದ ಮಾತ್ರಕ್ಕೆ ಹೊಲ ಬದಲಾಗುವುದಿಲ್ಲ. ವಿಜಯಪುರದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುತ್ತೇವೆ. ಪಂಜಾಬಿನಲ್ಲಿ ಗೋಧಿ ಬಿತ್ತನೆಯ ಭರ ನವೆಂಬರ್‌ನಲ್ಲಿ. ಅಲ್ಲಿಗೆ ಸಕಾಲವಾದ ಸಲಹೆ ನಮಗೆ ಅಕಾಲ.

ತೊಗರಿಯನ್ನೇ ತೆಗೆದುಕೊಳ್ಳಿ. ಸೊರಗು ರೋಗ ತಡೆಯುವ ಬೀಜೋಪಚಾರವನ್ನು ಮುಂಗಾರು ಬಿತ್ತನೆಗೆ ಮೊದಲೇ ತೋರಿಸಬೇಕು. ಕಾಯಿಕೊರಕದ ಮೊಟ್ಟೆ ಮತ್ತು ಎಳೆಯ ಮರಿಗಳನ್ನು ಗುರುತಿಸುವ ಬಗೆಯನ್ನು ಬೆಳೆ ಹೂವಾಡುವಾಗ ತೋರಿಸಬೇಕು. ಹುಳು ಕಾಯಿಯೊಳಗೆ ಸೇರಿದ ಮೇಲೆ ಎಷ್ಟು ಚೆನ್ನಾಗಿ ಚಿತ್ರಿಸಿ ತೋರಿಸಿದರೂ ಪ್ರಯೋಜನ ಅಲ್ಪ. ಈ ಕೆಲಸವನ್ನು ನಮ್ಮ ನೆಲ ಬಲ್ಲ ಕನ್ನಡ ಕೇಂದ್ರಗಳೇ ಮಾಡಬೇಕು. ಬೆಂಗಳೂರಿನ ‘ಚಂದನ’ ವಾಹಿನಿಗೆ ಇದಕ್ಕಾಗಿ ಹೆಚ್ಚು ಹಣ, ಸಿಬ್ಬಂದಿ ಮತ್ತು ವಾಹನ ಸೌಕರ್ಯ ಒದಗಬೇಕು.

ಕೈಯಲ್ಲಿ ಮೊಬೈಲ್ ಇರುವಾಗ ದೂರದರ್ಶನವೇಕೆ ಎಂದು ಯುವ ರೈತರು ಕೇಳುತ್ತಾರೆ. ಮೊಬೈಲಿನಲ್ಲಿ ಒಳ್ಳೆಯ ಮಾಹಿತಿಯೂ ಸಿಗುತ್ತದೆ, ಔಷಧಿ ಮಾರುವವರ ಪ್ರಚಾರವೂ ಸಲಹೆಯ ವೇಷದಲ್ಲಿ ಬರುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ತಪ್ಪು ಸಿಂಪರಣೆಯ ನಷ್ಟ ಬೀಳುವುದು ರೈತನ ಮೇಲೆ. ಸಾರ್ವಜನಿಕ ಸಂಸ್ಥೆ ಹೇಳಿದ ಮಾತಿಗೆ ಅದು ಜವಾಬ್ದಾರಿ ಹೊರಬೇಕಾಗುತ್ತದೆ; ಕೇಳುವ ಹಕ್ಕು ನಿಮಗಿರುತ್ತದೆ.

ನಾವು ಮಾಡಬೇಕಾದುದು

1. ಯಾವ ಬೆಳೆ, ಯಾವ ತಿಂಗಳು, ಯಾವ ಸಮಸ್ಯೆ ಎಂಬುದನ್ನು ಸ್ಪಷ್ಟವಾಗಿ ಬರೆದು ಕೇಂದ್ರಕ್ಕೆ ಪತ್ರ ಕಳುಹಿಸಿ. ಒಬ್ಬರ ಪತ್ರಕ್ಕಿಂತ ರೈತ ಸಂಘದ ಅಥವಾ ಮಹಿಳಾ ಸ್ವಸಹಾಯ ಗುಂಪಿನ ಪತ್ರಕ್ಕೆ ತೂಕ ಹೆಚ್ಚು.

2. ಪ್ರಸಾರದ ವೇಳೆ ನಿಮಗೆ ಹೊಂದುತ್ತದೆಯೇ ತಿಳಿಸಿ. ಹಾಲು ಕರೆಯುವ ಹೊತ್ತಿಗೆ ಹೈನುಗಾರಿಕೆಯ ಕಾರ್ಯಕ್ರಮ ಬಂದರೆ ನೋಡುವವರು ಯಾರು?

3. ಸಾಧ್ಯವಾದಲ್ಲಿ ನಾಲ್ಕಾರು ಮಂದಿ ಕೂಡಿ ನೋಡಿ, ನಂತರ ಚರ್ಚಿಸಿ. ಸಂದೇಹಗಳಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರಿಹರಿಸಿಕೊಳ್ಳಿ.

ವಿಜ್ಞಾನಿಗಳಿಗೂ ಒಂದು ಮಾತು. ಚಿತ್ರೀಕರಣ ಕೊಠಡಿಯಲ್ಲಿ ಕುಳಿತು ಮಾಡುವ ಉಪನ್ಯಾಸಕ್ಕಿಂತ ಹೊಲದಲ್ಲಿ ನಿಂತು ಮಾಡುವ ಪ್ರಾತ್ಯಕ್ಷಿಕೆ ಮೇಲು. ಅದರಲ್ಲಿಯೂ ಬೆಳೆದ ರೈತನೇ, ರೈತ ಮಹಿಳೆಯೇ ತಮ್ಮ ಮಾತಿನಲ್ಲಿ ವಿವರಿಸುವುದು ಇನ್ನೂ ಮೇಲು.

ಒಳ್ಳೆಯ ಮಳೆ ಬಂದ ವರ್ಷ ಕೆರೆ ತುಂಬುತ್ತದೆ. ಆದರೆ ತೂಬು ಎತ್ತದೆ ನೀರು ಗದ್ದೆಗೆ ಹರಿಯುವುದಿಲ್ಲ. ದೂರದರ್ಶನದ ಕೆರೆಗೆ ಈಗ ನೀರು ಬಂದಿದೆ. ತೂಬು ಎತ್ತಿರೆಂದು ಕೇಳುವ ಕೆಲಸ ನಮ್ಮದು. ಈ ಮುಂಗಾರಿಗೆ ಮೊದಲೇ ಅದನ್ನು ಆರಂಭಿಸೋಣ.