ಹೇಳಿದವರು ಯಾರು?

ಅಂತೆಕಂತೆಗಳ ಸಂತೆ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಅಂಥ ಸಂತೆಯ ನಡುವೆ ನಿಂತು, “ಇದನ್ನು ಹೇಳಿದವರು ಯಾರು? ಅವರಿಗೆ ಹೇಳಿದವರು ಯಾರು?” ಎಂದು ಪಟ್ಟುಹಿಡಿದು ಕೇಳಿದ ಪಂಡಿತರ ಪರಂಪರೆಯೊಂದು ಇಸ್ಲಾಮಿನ ಇತಿಹಾಸದಲ್ಲಿದೆ. ಯಾವ ಮತದ ವಿದ್ಯಾರ್ಥಿಯೇ ಆಗಲಿ, ಅದನ್ನು ಅರಿಯುವುದು ಅವಶ್ಯವೆಂದು ನನ್ನ ಅಭಿಪ್ರಾಯ.

ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗೆ ಹದೀಸ್ ಎಂದು ಹೆಸರು. 632ರಲ್ಲಿ ಅವರು ಕಾಲವಾದ ಬಳಿಕ ಈ ವರದಿಗಳು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಹರಿದುಬಂದುವು. ಅಂತಃಕಲಹಗಳು ತಲೆದೋರಿದಾಗ ತಮ್ಮ ಪಕ್ಷಕ್ಕೆ ಒದಗುವ ನುಡಿಗಳನ್ನು ಕಟ್ಟಿ ಹರಿಯಬಿಟ್ಟವರೂ ಇದ್ದರು. ಆದುದರಿಂದ ಪ್ರತಿಯೊಂದು ವರದಿಗೂ ಹೆಸರುಗಳ ಸರಪಳಿಯನ್ನು ಕೇಳುವ ಪದ್ಧತಿ ಬೆಳೆಯಿತು. ಇದೇ ಇಸ್ನಾದ್.

ಸರಪಳಿಯ ಒಂದೊಂದು ಕೊಂಡಿಯನ್ನೂ ಎರಡು ಒರೆಗಲ್ಲುಗಳಿಗೆ ಹಚ್ಚುತ್ತಿದ್ದರು: ಒಂದು ಶೀಲ, ಇನ್ನೊಂದು ಸ್ಮರಣೆ. ಇವೆರಡನ್ನು ಬೇರ್ಪಡಿಸಿ ನೋಡಿದುದೇ ಅವರ ಹಿರಿಮೆ. ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಕಳೆಯುವ ಸಾಧುವೇ ಆದರೂ ಮರೆಗುಳಿಯಾಗಿದ್ದರೆ ಅವನ ವರದಿ ದುರ್ಬಲವೇ. (ನಾವಾದರೋ ಒಳ್ಳೆಯವರು ಹೇಳಿದುದೆಲ್ಲವೂ ನಿಜವೆಂದು ನಂಬಿಬಿಡುತ್ತೇವೆ!) ಗುರುವಿನ ಮರಣದ ವರ್ಷವನ್ನೂ ಶಿಷ್ಯನ ಜನನದ ವರ್ಷವನ್ನೂ ಹೋಲಿಸಿ, ಕಂಡೇ ಇರದ ಗುರುವಿನ ಹೆಸರು ಹೇಳಿದವನನ್ನು ಹಿಡಿಯುತ್ತಿದ್ದರು. ಕೂಫಾ ನಗರದ ಅತಾ ಇಬ್ನ್ ಅಸ್ಸಾಯಿಬ್ ಎಂಬವರ ನೆನಪು ವೃದ್ಧಾಪ್ಯದಲ್ಲಿ ಕದಡಿತು. ವಿಮರ್ಶಕರು ಅವರನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಯಾವ ಶಿಷ್ಯರು ಮೊದಲು ಕೇಳಿದರು, ಯಾರು ಆಮೇಲೆ ಕೇಳಿದರು ಎಂದು ವಿಂಗಡಿಸಿ, ಮೊದಲಿನವರ ವರದಿಗಳನ್ನು ಉಳಿಸಿಕೊಂಡರು. ಎಂತಹ ನ್ಯಾಯಬುದ್ಧಿ!

ಸತ್ತವರ ದೋಷವನ್ನು ಎತ್ತಿ ಆಡುವುದು ಪರನಿಂದೆಯಲ್ಲವೇ ಎಂಬ ಆಕ್ಷೇಪ ಆಗಲೂ ಇದ್ದಿತು. ಇದಕ್ಕೆ ಉತ್ತರವಾಗಿ, ಬುಖಾರಿಯವರ ಗುರುಗಳಲ್ಲೊಬ್ಬರಾದ ಅಲೀ ಇಬ್ನ್ ಅಲ್ ಮದೀನಿಯವರ ವೃತ್ತಾಂತವನ್ನು ಹೇಳುವುದುಂಟು. ಅವರ ತಂದೆಯೂ ಹದೀಸ್ ಹೇಳುತ್ತಿದ್ದವರು. ತಂದೆಯ ವಿಷಯ ಕೇಳಿದಾಗ, ಬೇರೆಯವರನ್ನು ಕೇಳಿರೆಂದು ಅವರು ನುಣುಚಿಕೊಳ್ಳಲೆಳಸಿದರು. ಕೇಳಿದವರು ಬಿಡಲಿಲ್ಲ. ಸ್ವಲ್ಪ ಹೊತ್ತು ತಲೆ ತಗ್ಗಿಸಿದ್ದು, ಇದು ಧರ್ಮದ ವಿಷಯ, ತಂದೆ ದುರ್ಬಲರೇ, ಎಂದರಂತೆ. ಆ ಮಗನ ಸಂಕಟವನ್ನು ನಾವು ಊಹಿಸಿಕೊಳ್ಳಬಹುದು.

ಈ ಪದ್ಧತಿ ನಿರ್ದುಷ್ಟವೆಂದು ನಾನು ಹೇಳಲಾರೆ. ವರದಿಯನ್ನು ಕಟ್ಟಬಲ್ಲವನು ಸರಪಳಿಯನ್ನೂ ಕಟ್ಟಬಲ್ಲನಷ್ಟೆ. ಅನೇಕ ಸರಪಳಿಗಳು ಕಾಲಾಂತರದಲ್ಲಿ ಹಿಂದಕ್ಕೆ ಬೆಳೆದುವೆಂದು 1950ರಲ್ಲಿ ಜೋಸೆಫ್ ಶಾಖ್ಟ್ ವಾದಿಸಿದರು. ಆ ವಾದವನ್ನು ಖಂಡಿಸಿದ ವಿದ್ವಾಂಸರೂ ಇದ್ದಾರೆ; ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಸಂಶಯವನ್ನು ಒಂದು ಶಾಸ್ತ್ರವಾಗಿ ಬೆಳೆಸಿದ ಕೀರ್ತಿ ಆ ಪ್ರಾಚೀನರಿಗೆ ಸಲ್ಲತಕ್ಕದ್ದು.

ಇಷ್ಟಕ್ಕೂ ಇದು ನಮಗೆ ದೂರದ ಸಂಗತಿಯಲ್ಲ. ಕೈರೋದ ಇಬ್ನ್ ಹಜರ್ (1372–1449) ಬರೆದ ‘ತಹ್ಜೀಬ್ ಅತ್ತಹ್ಜೀಬ್’ ಎಂಬ ವರದಿಗಾರರ ಕೋಶವು 20ನೆಯ ಶತಮಾನದ ಮೊದಲ ದಶಕದಲ್ಲಿ 12 ಸಂಪುಟಗಳಾಗಿ ಅಚ್ಚಾದುದು ನಮ್ಮ ಹೈದರಾಬಾದಿನ ದಾಯಿರತುಲ್ ಮಆರಿಫ್‌ನಲ್ಲಿಯೇ. ಒಬ್ಬನೇ ವ್ಯಕ್ತಿಯನ್ನು ಒಬ್ಬ ವಿಮರ್ಶಕ ‘ವಿಶ್ವಸನೀಯ’ ಎಂದರೆ ಮತ್ತೊಬ್ಬ ‘ದುರ್ಬಲ’ ಎಂದಿರುವುದನ್ನು ಅಲ್ಲಿ ಒತ್ತೊತ್ತಾಗಿ, ಮರೆಮಾಚದೆ ಕೊಟ್ಟಿದೆ.