ಒಕ್ಕೂಟ ಬೇಕು, ಅದು ಕೇರಿಯ ತನಕ ಬರಬೇಕು

ಬಡ ದೇಶಕ್ಕೆ ಒಕ್ಕೂಟ ವ್ಯವಸ್ಥೆ ಬೇಕೋ, ಒಂದೇ ಗಟ್ಟಿ ಸರ್ಕಾರ ಸಾಕೋ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ವಿಷಯ ಆಗಾಗ ಬರುತ್ತಲೇ ಇರುತ್ತದೆ. ಪರವಾಗಿ ಮಾತಾಡುವವನು ಭಾಷೆ, ಸಂಸ್ಕೃತಿ, ರಾಜ್ಯದ ಸ್ವಾಭಿಮಾನ ಅಂತಾನೆ. ವಿರೋಧವಾಗಿ ಮಾತಾಡುವವನು ದೇಶದ ಐಕ್ಯತೆ, ಪ್ರಗತಿ, ಯೋಜನೆ ಅಂತಾನೆ. ಇಬ್ಬರಿಗೂ ಚಪ್ಪಾಳೆ ಬೀಳುತ್ತೆ. ಆದರೆ ಊರಾಚೆಯ ಕೇರಿಯಿಂದ ಬಂದು ಹಾಸ್ಟೆಲ್ಲಿನಲ್ಲಿ ಉಂಡು ಓದುತ್ತಿರುವ ನಾವು ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ದೆಹಲಿಯಿಂದ ಇಳಿದು ಬಂದ ಅಧಿಕಾರ ಯಾರ ಮನೆ ಜಗಲಿಯ ಮೇಲೆ ಕೂತುಕೊಳ್ಳುತ್ತೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಒಕ್ಕೂಟ ಬೇಕು. ಆದರೆ ದೆಹಲಿಯಿಂದ ಹೊರಟು ಬೆಂಗಳೂರಿನಲ್ಲೇ ನಿಂತುಬಿಡುವ ಒಕ್ಕೂಟ ಅರ್ಧ ಒಕ್ಕೂಟ. ಅದು ದೊಡ್ಡವರ ನಡುವಿನ ಪಾಲುಪಟ್ಟಿ ಮಾತ್ರ.

ಒಕ್ಕೂಟ ಬೇಡವೆಂದ ದೇಶದ ಗತಿ ಏನಾಯ್ತು ನೋಡಿ. ನಮ್ಮ ಜೊತೆಯಲ್ಲೇ ಸ್ವತಂತ್ರವಾದ ಪಾಕಿಸ್ತಾನದ ಆಳುವ ವರ್ಗ ಬಹುಸಂಖ್ಯಾತ ಬಂಗಾಳಿಗಳ ಮೇಲೆ ಉರ್ದು ಹೇರಲು ಹೊರಟಿತು. 1952ರ ಫೆಬ್ರವರಿಯಲ್ಲಿ ಢಾಕಾದ ಬೀದಿಯಲ್ಲಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. 1955ರಲ್ಲಿ ಪಶ್ಚಿಮದ ಪ್ರಾಂತ್ಯಗಳನ್ನೆಲ್ಲ ಅಳಿಸಿ ಒಂದೇ ಘಟಕ ಮಾಡಿದರು. 1970ರ ಚುನಾವಣೆಯಲ್ಲಿ ಪೂರ್ವದವರು ಗೆದ್ದರೂ ಅಧಿಕಾರ ಬಿಟ್ಟುಕೊಡಲಿಲ್ಲ. 1971ರಲ್ಲಿ ರಕ್ತದ ಹೊಳೆ ಹರಿದು ದೇಶ ಎರಡಾಯಿತು. ಇತ್ತ ನಮ್ಮಲ್ಲಿ 1952ರಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಸತ್ತ ಮೇಲೆ ಆಂಧ್ರ ಬಂತು, 1956ರಲ್ಲಿ ಭಾಷಾವಾರು ರಾಜ್ಯಗಳು ಬಂದವು. ದೇಶ ಒಡೆದುಹೋಗುತ್ತೆ ಅಂತ ಹೆದರಿಸಿದವರ ಮಾತು ಸುಳ್ಳಾಯಿತು. ಇಷ್ಟು ಭಾಷೆ, ಇಷ್ಟು ಜನ ಇರುವ ಬಡ ದೇಶವನ್ನು ಒಂದೇ ಕಚೇರಿಯಿಂದ ಆಳೋದಕ್ಕೆ ಆಗೋದಿಲ್ಲ. ಇಷ್ಟನ್ನು ಎಲ್ಲರೂ ಒಪ್ಪಬಹುದು.

ಹಾಗಾದರೆ ಅಂಬೇಡ್ಕರ್ ಯಾಕೆ ಬಲವಾದ ಕೇಂದ್ರ ಬೇಕು ಅಂದರು? 1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, 1935ರ ಕಾಯ್ದೆಯಲ್ಲಿದ್ದ ಕೇಂದ್ರಕ್ಕಿಂತಲೂ ಬಲವಾದ ಕೇಂದ್ರ ತಮಗೆ ಬೇಕೆಂದರು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ, ಹಳ್ಳಿಯನ್ನೇ ರಾಜ್ಯದ ಬುನಾದಿ ಮಾಡಬೇಕೆಂದು ಹಾಡಿಹೊಗಳುತ್ತಿದ್ದವರ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟರು. ಹಳ್ಳಿಯ ಯಜಮಾನ ಯಾರು, ಹಳ್ಳಿಯ ಬಾವಿ ಯಾರದು ಅನ್ನೋದು ಅವರಿಗೆ ಪುಸ್ತಕ ಓದಿ ತಿಳಿದದ್ದಲ್ಲ.

ಆದರೆ ಅವರು ರಾಜ್ಯಗಳ ಶತ್ರುವಾಗಿರಲಿಲ್ಲ. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ ಎಂದರು. ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿರಬೇಕು ಅನ್ನೋದನ್ನು ಮಾತ್ರ ಒಪ್ಪಲಿಲ್ಲ. ಉತ್ತರಪ್ರದೇಶವನ್ನು ಮೂರು ಮಾಡಿ, ಬಿಹಾರವನ್ನು ಎರಡು ಮಾಡಿ ಅಂದರು. ಯಾಕೆ? ಪ್ರತಿ ಭಾಷಾ ಪ್ರದೇಶದಲ್ಲೂ ಭೂಮಿ ಹಿಡಿದ ಒಂದೆರಡು ದೊಡ್ಡ ಜಾತಿಗಳಿವೆ, ಸಣ್ಣ ಜಾತಿಗಳು ಅವರ ಕಾಲಡಿ ಬದುಕುತ್ತವೆ, ರಾಜ್ಯ ದೊಡ್ಡದಾದಷ್ಟೂ ಆ ಕಾಲು ಭಾರವಾಗುತ್ತೆ ಅನ್ನೋದು ಅವರ ಆತಂಕ. ಎಂದರೆ ಅವರ ವಿರೋಧ ಒಕ್ಕೂಟಕ್ಕಲ್ಲ. ರಕ್ಷಣೆಯಿಲ್ಲದ ಜನರನ್ನು ಸ್ಥಳೀಯ ಯಜಮಾನನ ಕೈಗೆ ಒಪ್ಪಿಸುವುದಕ್ಕೆ. ಅದಕ್ಕೇ ಅಸ್ಪೃಶ್ಯತೆ ನಿಷೇಧದ 17ನೇ ವಿಧಿ ಮೂಲಭೂತ ಹಕ್ಕುಗಳ ನಡುವೆ ಇದೆ. ಯಾವ ರಾಜ್ಯದ ಶಾಸನಸಭೆಯೂ ಅದನ್ನು ಅಳಿಸಲಾರದು.

ಸ್ವಾತಂತ್ರ್ಯ ಬಂದ ಮೇಲಿನ ಲೆಕ್ಕ ತೆಗೆಯಿರಿ. ದೌರ್ಜನ್ಯ ತಡೆ ಕಾಯ್ದೆ ಕೊಟ್ಟದ್ದು 1989ರಲ್ಲಿ ಪಾರ್ಲಿಮೆಂಟು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದರ ಹಲ್ಲು ಸಡಿಲ ಮಾಡಿದಾಗ ದೇಶದ ದಲಿತರು ಬೀದಿಗಿಳಿದರು, ಅದೇ ವರ್ಷ ಆಗಸ್ಟಿನಲ್ಲಿ ಪಾರ್ಲಿಮೆಂಟೇ ತಿದ್ದುಪಡಿ ತಂದು ಸರಿಪಡಿಸಿತು. ಆದರೆ ಉಳುವವನಿಗೆ ಭೂಮಿ ಎಂದು 1974ರಲ್ಲಿ ಭೂಸುಧಾರಣೆಗೆ ತಿದ್ದುಪಡಿ ತಂದದ್ದು ದೆಹಲಿಯಲ್ಲ, ದೇವರಾಜ ಅರಸರ ಕಾಲದ ಕರ್ನಾಟಕ. ದಲಿತರಿಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡಬಾರದೆಂಬ 1978ರ ಕಾಯ್ದೆಯೂ ರಾಜ್ಯದ್ದೇ. ಹಾಗಂತ ರಾಜ್ಯವನ್ನು ನಂಬಿ ಮಲಗಬಹುದೇ? ಬೇಸಾಯಗಾರರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ 2020ರಲ್ಲಿ ಬಾಗಿಲು ತೆರೆದದ್ದೂ ಇದೇ ವಿಧಾನಸೌಧ. ಇನ್ನು ದೆಹಲಿಯನ್ನು ನಂಬೋಣವೇ? ತುರ್ತುಪರಿಸ್ಥಿತಿ ಹೇರಿದ್ದು ದೆಹಲಿ. ಅದರ ನಡುವೆಯೇ, 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಎಳೆದುಕೊಂಡದ್ದೂ ದೆಹಲಿ. ದೆಹಲಿಯೂ ನಮಗೆ ತವರಲ್ಲ, ಬೆಂಗಳೂರೂ ತವರಲ್ಲ. ಎಲ್ಲಿ ಹೋರಾಟ ಇತ್ತೋ ಅಲ್ಲಿ ಏನಾದರೂ ಸಿಕ್ಕಿದೆ.

ಕಾಯ್ದೆ ಒಬ್ಬರದು, ಪೊಲೀಸು ಇನ್ನೊಬ್ಬರದು ಆದಾಗ ಏನಾಗುತ್ತೆ? ಕಂಬಾಲಪಲ್ಲಿಯನ್ನು ಮರೆಯಬೇಡಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ದೌರ್ಜನ್ಯ ಕಾಯ್ದೆ ಕೇಂದ್ರದ್ದು. ತನಿಖೆ ಮಾಡಬೇಕಾದ, ಸಾಕ್ಷಿಗಳಿಗೆ ಧೈರ್ಯ ಕೊಡಬೇಕಾದ, ವಕೀಲರನ್ನು ನಿಲ್ಲಿಸಬೇಕಾದ ಜವಾಬ್ದಾರಿ ರಾಜ್ಯದ್ದು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ದೆಹಲಿಯಲ್ಲಿ ಬರೆದ ಕಾಯ್ದೆ ಊರಿನ ಠಾಣೆಯ ಹೊಸ್ತಿಲು ದಾಟುವಾಗ ಎಷ್ಟು ಸಣ್ಣದಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ದುಡ್ಡಿನ ವಿಷಯ. ಇದು ನೇರ ನಮ್ಮ ಟ್ರಂಕಿನೊಳಗಿನ ಪುಸ್ತಕಕ್ಕೆ ಸಂಬಂಧಪಟ್ಟದ್ದು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ನಮ್ಮಲ್ಲಿ ಎಷ್ಟೋ ಮನೆಯ ಮೊದಲ ಪದವೀಧರ ಇದರಿಂದಲೇ ಆದವನು. ಇದರ ಖರ್ಚು ಹಂಚಿಕೊಳ್ಳಲು ಕೇಂದ್ರ ಮತ್ತು ರಾಜ್ಯದ ನಡುವೆ ಬಹುಕಾಲ ಒಂದು ವಿಚಿತ್ರ ಲೆಕ್ಕವಿತ್ತು. ಒಂದು ಪಂಚವಾರ್ಷಿಕ ಯೋಜನೆ ಮುಗಿಯುವ ವರ್ಷ ಎಷ್ಟು ಖರ್ಚಾಗಿರುತ್ತೋ ಅಷ್ಟನ್ನು ಮುಂದೆ ರಾಜ್ಯವೇ ಹೊರಬೇಕು. ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ಕೇಂದ್ರ ಕೊಡುತ್ತೆ. ಪ್ರತಿ ಯೋಜನೆ ಮುಗಿದಾಗಲೂ ಹೊರೆ ರಾಜ್ಯದ ಹೆಗಲಿಗೆ. 2017ರಿಂದ 2020ರ ತನಕ ಇಡೀ ದೇಶಕ್ಕೆ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ ರೂಪಾಯಿ. ಕೇಂದ್ರ ರಾಜ್ಯದ ಕಡೆ ಬೆರಳು ತೋರಿತು, ರಾಜ್ಯ ಕೇಂದ್ರದ ಕಡೆ ಬೆರಳು ತೋರಿತು. ಪಂಜಾಬಿನಲ್ಲಿ ಹಣ ಬಂದಿಲ್ಲವೆಂದು ಕಾಲೇಜುಗಳು ದಲಿತ ವಿದ್ಯಾರ್ಥಿಗಳ ಪ್ರಮಾಣಪತ್ರಗಳನ್ನೇ ತಡೆಹಿಡಿದವು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಹಳೆಯ ಲೆಕ್ಕ ಕೈಬಿಟ್ಟು 60:40 ಎಂದು ತೀರ್ಮಾನಿಸಿತು. 2025-26ರವರೆಗೆ ಒಟ್ಟು 59,048 ಕೋಟಿ, ಅದರಲ್ಲಿ ಕೇಂದ್ರದ್ದು 35,534 ಕೋಟಿ. ಒಳ್ಳೇದೇ ಆಯ್ತು. ಆದರೆ ಮೊದಲು ರಾಜ್ಯ ತನ್ನ ಪಾಲು ಕೊಡಬೇಕು, ಆಮೇಲೆ ಕೇಂದ್ರದ್ದು ಬರುತ್ತೆ. ಇವರಿಬ್ಬರ ಕಡತ ಓಡಾಡುವಷ್ಟು ದಿನ ಫೀಸು ಕಟ್ಟಿ ಅಂತ ಕ್ಲಾಸಿನಲ್ಲಿ ನಿಲ್ಲಿಸುವುದು ಯಾರನ್ನು? ಒಕ್ಕೂಟದ ಜಗಳದ ಬಡ್ಡಿ ಕಟ್ಟುವವನು ಹಾಸ್ಟೆಲ್ ಹುಡುಗ.

ನಮ್ಮ ರಾಜ್ಯದ ನಾಯಕರು ತೆರಿಗೆ ಪಾಲಿನ ಅನ್ಯಾಯದ ಬಗ್ಗೆ ದನಿ ಎತ್ತಿದ್ದಾರೆ. ಸರಿಯಾಗಿಯೇ ಎತ್ತಿದ್ದಾರೆ. 14ನೇ ಹಣಕಾಸು ಆಯೋಗದಲ್ಲಿ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ಶೇ. 4.713 ಇದ್ದದ್ದು 2021-26ರ 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಗೆ ಸ್ವಂತ ತೆರಿಗೆಯ ದಾರಿಗಳೂ ಕಡಿಮೆಯಾದವು. ಈ ಹೋರಾಟಕ್ಕೆ ನಮ್ಮ ಬೆಂಬಲವಿದೆ. ಆದರೆ ಸ್ವಾಮಿ, ನಮ್ಮದೂ ಒಂದು ಲೆಕ್ಕವಿದೆ. 2013ರಲ್ಲಿ ಇದೇ ರಾಜ್ಯ, ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಅವರಿಗೇ ಮೀಸಲಿಡುವ ಕಾಯ್ದೆ ಮಾಡಿತು. ದೇಶಕ್ಕೆ ಮಾದರಿ ಅಂತ ನಾವೂ ಹೆಮ್ಮೆಪಟ್ಟೆವು. ಅದೇ ಹಣದಲ್ಲಿ 2023-24ರಲ್ಲಿ 11,000 ಕೋಟಿಗೂ ಹೆಚ್ಚು, 2024-25ರಲ್ಲಿ 14,000 ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಅನ್ನೋದು ಸರ್ಕಾರದ ಸಮಜಾಯಿಷಿ. ಇರಬಹುದು. ಎಲ್ಲರಿಗೂ ಕೊಡುವುದನ್ನು ಎಲ್ಲರ ಹಣದಿಂದ ಕೊಡಿ. ನಮಗೇ ಅಂತ ಇಟ್ಟದ್ದು ಕೇರಿಯ ಮನೆ, ಹಾಸ್ಟೆಲ್ಲು, ಭೂಮಿ, ಕೊಳವೆಬಾವಿಗೆ ಇಟ್ಟದ್ದು. ನಮ್ಮ ಪಾಲು ನಮಗೆ ಕೊಡಿ ಎಂದು ದೆಹಲಿಯ ಬಾಗಿಲಲ್ಲಿ ಕೂಗುವ ಬಾಯಿ, ಕೇರಿಯವರು ಅದೇ ಮಾತನ್ನು ಬೆಂಗಳೂರಿನ ಬಾಗಿಲಲ್ಲಿ ಕೂಗಿದಾಗ ಯಾಕೆ ಮುಚ್ಚಿಕೊಳ್ಳುತ್ತೆ?

ನಮ್ಮೊಳಗಿನ ಹಂಚಿಕೆಯೂ ಒಕ್ಕೂಟದ ಪ್ರಶ್ನೆಯೇ. ಆಂಧ್ರ 2000ದಲ್ಲಿ ಒಳಮೀಸಲಾತಿ ಕಾಯ್ದೆ ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟು ರಾಜ್ಯಕ್ಕೆ ಆ ಅಧಿಕಾರವಿಲ್ಲ ಎಂದಿತು. 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ಅಧಿಕಾರವಿದೆ, ಆದರೆ ಅಂಕಿಅಂಶದ ಆಧಾರ ತೋರಿಸಬೇಕು ಎಂದಿತು. ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ. ಅವುಗಳಲ್ಲಿ ಯಾರು ಹಿಂದೆ ಉಳಿದರು ಅನ್ನೋದು ಹತ್ತಿರದಿಂದ ನೋಡುವವರಿಗೇ ಕಾಣುತ್ತೆ. ರಾಜ್ಯಕ್ಕೆ ಅಧಿಕಾರವೂ ಇರಲಿ, ಮನಸ್ಸಿಗೆ ಬಂದ ಹಾಗೆ ಬಳಸದಂತೆ ಕಡಿವಾಣವೂ ಇರಲಿ. ನಮಗೆ ಬೇಕಾದ ಒಕ್ಕೂಟದ ರೂಪ ಹೆಚ್ಚುಕಡಿಮೆ ಇದೇ.

ಕೊನೆಗೆ ಹಳ್ಳಿಯ ಮೆಟ್ಟಿಲು. ಪಂಚಾಯಿತಿಗೆ ಅಧಿಕಾರ ಕೊಟ್ಟರೆ ಸಾಕು ಅನ್ನುವವರಿಗೆ ತಮಿಳುನಾಡಿನ ಮೇಲವಳವು ಉತ್ತರ. 1996ರಲ್ಲಿ ಅಲ್ಲಿನ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯಿತು. ಗೆದ್ದು ಅಧ್ಯಕ್ಷರಾದ ಮುರುಗೇಶನ್ ಸೇರಿ ಆರು ಮಂದಿಯನ್ನು 1997ರ ಜೂನ್ 30ರಂದು ಕಡಿದು ಕೊಂದರು. ಪಾಪ್ಪಾಪಟ್ಟಿ, ಕೀರಿಪಟ್ಟಿಗಳಲ್ಲಿ 2006ರವರೆಗೆ ಹತ್ತು ವರ್ಷ ಮೀಸಲು ಸ್ಥಾನದಲ್ಲಿ ಯಾರೂ ಆಳಲು ಬಿಡಲಿಲ್ಲ. ಗೆದ್ದವರಿಂದ ರಾಜೀನಾಮೆ ಕೊಡಿಸುತ್ತಿದ್ದರು. ಇದರಿಂದ ಕಲಿಯಬೇಕಾದ ಪಾಠ ಪಂಚಾಯಿತಿ ಬೇಡ ಅಂತಲ್ಲ. ಮೀಸಲಾತಿಯನ್ನು ಕಡ್ಡಾಯ ಮಾಡಿದ್ದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿ. ಅದಿಲ್ಲದಿದ್ದರೆ ಮುರುಗೇಶನ್ ಆ ಕುರ್ಚಿಯ ಹತ್ತಿರವೂ ಹೋಗಲು ಆಗುತ್ತಿರಲಿಲ್ಲ. ಕುರ್ಚಿ ಕೊಟ್ಟವರು ಕುರ್ಚಿಯಲ್ಲಿ ಕೂತವನ ಜೀವವನ್ನೂ ಕಾಯಬೇಕು. ಪಾಠ ಅದು.

ಆದ್ದರಿಂದ ನಾವು ಕೇಳುವ ಒಕ್ಕೂಟ ಹೀಗಿರಬೇಕು:

1. ಭಾಷೆ, ಬೇಸಾಯ, ಶಾಲೆ, ನೀರು ಜನರ ಹತ್ತಿರವಿರಲಿ. ಜೀವ, ಮಾನ, ಮೀಸಲಾತಿಯ ರಕ್ಷಣೆ ಸಂವಿಧಾನದಲ್ಲೇ ಗಟ್ಟಿಯಾಗಿರಲಿ, ಯಾವ ಬಹುಮತಕ್ಕೂ ಬಗ್ಗದಿರಲಿ.

2. ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು, ರಾಜ್ಯದ ಪಾಲು, ಕೊಡುವ ತಿಂಗಳು ಮೂರೂ ಕಾಯ್ದೆಯಲ್ಲಿ ಬರಲಿ. ತಡವಾದರೆ ದಂಡ ಸರ್ಕಾರಕ್ಕೆ, ವಿದ್ಯಾರ್ಥಿಗಲ್ಲ.

3. ಪರಿಶಿಷ್ಟರ ಹಣದ ಲೆಕ್ಕವನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಎಷ್ಟು ಬಂತು, ಯಾವ ಕೇರಿಗೆ ಹೋಯಿತು ಅಂತ ಅಕ್ಷರ ಬಲ್ಲ ಹುಡುಗಿ ಓದಿ ತನ್ನ ಅವ್ವನಿಗೆ ಹೇಳುವ ಹಾಗಿರಲಿ.

4. ಮೀಸಲು ಸ್ಥಾನದಲ್ಲಿ ಗೆದ್ದವರಿಗೆ ಬೆದರಿಕೆ ಬಂದರೆ ಜಿಲ್ಲಾಧಿಕಾರಿ, ಪೊಲೀಸ್ ಮುಖ್ಯಸ್ಥರೇ ಉತ್ತರ ಕೊಡುವಂತಾಗಲಿ.

ಗೆಳೆಯರೇ, ಮುಂದಿನ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಅಂತ ಕೇಳಿದರೆ, ಪರ ಅಂತ ಹೆಸರು ಕೊಡಿ. ವೇದಿಕೆ ಹತ್ತಿದ ಮೇಲೆ ನಿಮ್ಮ ಊರಿನ ಕೇರಿಯ ಲೆಕ್ಕ ಕೇಳಿ. ಅದಕ್ಕೆ ಮೊದಲು ಹಾಸ್ಟೆಲ್ಲಿನಲ್ಲಿ ಐದಾರು ಮಂದಿ ಕೂತು ಈ ವರ್ಷದ ರಾಜ್ಯದ ಬಜೆಟ್ಟನ್ನೂ ನಿಮ್ಮ ಪಂಚಾಯಿತಿಯ ಖರ್ಚುಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ದಾರಿಯಲ್ಲಿ ಎಲ್ಲಿ ಸೋರಿತು ಅನ್ನೋದು ನಿಮಗೇ ಕಾಣುತ್ತೆ. ಕಂಡದ್ದನ್ನು ಬರೆದು ಕಳಿಸಿ, ಸಭೆಯಲ್ಲಿ ಎದ್ದು ನಿಂತು ಹೇಳಿ.