ಅಗ್ಗದ ಪುಸ್ತಕದ ಭಯ

ಪುಸ್ತಕವೊಂದನ್ನು ನಿಷೇಧಿಸುವಾಗ ಸರ್ಕಾರಗಳು ಹೇಳುವ ಮಾತು ಎಂದೆಂದಿಗೂ ಒಂದೇ: ಜನರ ಮನಸ್ಸು ಕೆಟ್ಟೀತು, ಶಾಂತಿ ಕದಡೀತು. ಯಾವ ಜನರ ಮನಸ್ಸು ಎಂದು ನಾವು ಕೇಳುತ್ತೇವೆ. ಪುಸ್ತಕ ಓದಿ ವರದಿ ಕೊಟ್ಟ ಅಧಿಕಾರಿಯ ಮನಸ್ಸು ಕೆಡಲಿಲ್ಲ. ಕಡತಕ್ಕೆ ಸಹಿ ಹಾಕಿದ ಕಾರ್ಯದರ್ಶಿಯ ಮನಸ್ಸೂ ಕೆಡಲಿಲ್ಲ. (ಮಂತ್ರಿ ಮಹಾಶಯರು ಸಾಮಾನ್ಯವಾಗಿ ಓದುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ ಅವರ ಮಾತು ಬೇರೆ.) ಕೆಡುವುದೇನಿದ್ದರೂ ಆಟೋ ಓಡಿಸುವವನದು, ಬೀಡಿ ಕಟ್ಟುವವಳದು, ಕೂಲಿಯವನ ಮನೆಯಿಂದ ಕಾಲೇಜಿಗೆ ಬಂದ ಹುಡುಗನದು!

ಈ ತರ್ಕ ನಮಗೆ ಲಂಡನ್ನಿನಿಂದ ಬಂದ ಆಸ್ತಿ. ಪುಸ್ತಕ ಅಶ್ಲೀಲವೋ ಅಲ್ಲವೋ ಎಂಬುದನ್ನು ಅದು ಯಾರ ಕೈಗೆ ಬೀಳಬಹುದು ಎಂಬುದರ ಮೇಲೆ ಅಳೆಯಬೇಕೆಂದು ಅಲ್ಲಿನ ನ್ಯಾಯಾಲಯ 1868ರಲ್ಲಿ ಹೇಳಿತು. 1960ರಲ್ಲಿ ಪೆಂಗ್ವಿನ್ ಪ್ರಕಾಶನದವರು ಲಾರೆನ್ಸನ 'ಲೇಡಿ ಚಾಟರ್ಲಿಯ ಪ್ರಿಯಕರ' ಕಾದಂಬರಿಯನ್ನು ಮೂರೂವರೆ ಶಿಲಿಂಗಿಗೆ ಮಾರಹೊರಟಾಗ ಮೊಕದ್ದಮೆ ಬಿತ್ತು. ಸರ್ಕಾರದ ವಕೀಲರು ಜ್ಯೂರಿಗಳನ್ನು ಏನು ಕೇಳಿದರು ಗೊತ್ತೆ? ನಿಮ್ಮ ಹೆಂಡತಿಯಾಗಲಿ ಮನೆಯ ಆಳುಗಳಾಗಲಿ ಇದನ್ನು ಓದುವುದು ನಿಮಗೆ ಒಪ್ಪಿಗೆಯೇ, ಎಂದು! ಯಜಮಾನ ಓದಬಹುದು, ಆಳು ಓದಬಾರದು. ಸೆನ್ಸಾರಿನ ಸಿದ್ಧಾಂತವನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಯಾರೂ ವಿವರಿಸಿಲ್ಲ. ಜ್ಯೂರಿಗಳು ಪ್ರಕಾಶಕರನ್ನು ಬಿಡುಗಡೆ ಮಾಡಿದರು.

ನಮ್ಮಲ್ಲಿ ಅದೇ ಪುಸ್ತಕವನ್ನು ಮಾರಿದ್ದಕ್ಕೆ ಮುಂಬಯಿಯ ಒಂದು ಸಣ್ಣ ಅಂಗಡಿಯ ಪಾಲುದಾರರಿಗೆ ಶಿಕ್ಷೆಯಾಯಿತು. 1964ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ದಂಡ ಬರೀ ಇಪ್ಪತ್ತು ರೂಪಾಯಿ; ಆದರೆ ಆ ತೀರ್ಪಿನ ಮೂಲಕ 1868ರ ಅಳತೆಗೋಲು ಸ್ವತಂತ್ರ ಭಾರತದಲ್ಲಿ ಊರಿಕೊಂಡಿತು. ಅದನ್ನು ಕೋರ್ಟು ಕೈಬಿಟ್ಟದ್ದು 2014ರಲ್ಲಿ.

ಅಶ್ಲೀಲದ ಮಾತು ಬಿಡಿ. ಪೆರಿಯಾರರು ರಾಮಾಯಣವನ್ನು ವಿಮರ್ಶಿಸಿ ಬರೆದ ಪುಸ್ತಕ ಇಂಗ್ಲಿಷಿನಲ್ಲಿ ಮೊದಲೇ ಇತ್ತು. ಲಲಈ ಸಿಂಗ್ ಯಾದವರು ಅದನ್ನು ಹಿಂದಿಗೆ ತಂದರು, ಹಳ್ಳಿಯವರು ಓದುವ ಭಾಷೆಗೆ ತಂದರು. 1969ರಲ್ಲಿ ಉತ್ತರ ಪ್ರದೇಶದ ಸರ್ಕಾರ ಎರಡನ್ನೂ ಮುಟ್ಟುಗೋಲು ಹಾಕಿತು. ಏಕೆ ಎಂಬುದಕ್ಕೆ ಆದೇಶದಲ್ಲಿ ಆಧಾರವನ್ನೇ ಕೊಟ್ಟಿರಲಿಲ್ಲ. ಅಲಹಾಬಾದ್ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. 1976ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಸರ್ಕಾರ ಸೋತಿತು.

ನಮ್ಮ ಕನ್ನಡನಾಡೇನು ಹಿಂದೆ ಬಿದ್ದಿಲ್ಲ. ಪಿ. ವಿ. ನಾರಾಯಣರ 'ಧರ್ಮಕಾರಣ' 1995ರಲ್ಲಿ ಪ್ರಕಟವಾದ ಕಾದಂಬರಿ. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮೊದಲಾದ ಲೇಖಕರು ದೆಹಲಿಯವರೆಗೂ ಹೋಗಿ ಹೋರಾಡಿದರು. 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕಡೆಗೇ ತೀರ್ಪಿತ್ತಿತು. ಕಾದಂಬರಿ ಒಳ್ಳೆಯದೋ ಕೆಟ್ಟದ್ದೋ ನಾವು ಇಲ್ಲಿ ಚರ್ಚಿಸುತ್ತಿಲ್ಲ. ಚರ್ಚಿಸಬೇಕಾದರೆ ಓದುಗನ ಕೈಯಲ್ಲಿ ಪುಸ್ತಕವಿರಬೇಕಲ್ಲ!

ಕಾನೂನಿನ ನಡೆಯನ್ನು ನೋಡಿ. ಬ್ರಿಟಿಷರ ದಂಡ ಪ್ರಕ್ರಿಯಾ ಸಂಹಿತೆಯ 99-ಎ ಕಲಮು 1973ರ ಸಂಹಿತೆಯಲ್ಲಿ 95 ಆಯಿತು, 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 98 ಆಗಿದೆ. ಮೊದಲು ಮುಟ್ಟುಗೋಲು, ವಿಚಾರಣೆ ಆಮೇಲೆ. ಸರ್ಕಾರ ಒಂದು ಪ್ರಕಟಣೆ ಹೊರಡಿಸಿದರೆ ಸಾಕು, ವಾರಂಟು ಹಿಡಿದ ಸಬ್ ಇನ್ಸ್‌ಪೆಕ್ಟರರು ಅಂಗಡಿಯ ಕಪಾಟು ತೆಗೆಸಬಹುದು. ತಕರಾರಿದ್ದವರು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಮೂವರು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಹೊಳಲ್ಕೆರೆಯ ಪ್ರಾಥಮಿಕ ಶಾಲೆಯ ಮೇಷ್ಟರು ವಕೀಲರನ್ನಿಟ್ಟು ಬೆಂಗಳೂರಿಗೆ ಹೋಗಿ ತಮ್ಮ ಓದುವ ಹಕ್ಕನ್ನು ಬಿಡಿಸಿಕೊಂಡು ಬರಬೇಕೆಂದು ಅರ್ಥ! 2025ರ ಆಗಸ್ಟಿನಲ್ಲಿ ಜಮ್ಮು ಮತ್ತು ಕಾಶ್ಮೀರದ ಆಡಳಿತ ಇದೇ ಕಲಮಿನ ಕೆಳಗೆ ಒಂದೇ ಏಟಿಗೆ 25 ಪುಸ್ತಕಗಳನ್ನು ಮುಟ್ಟುಗೋಲು ಹಾಕಿತು. ಪೊಲೀಸರು ಪುಸ್ತಕದಂಗಡಿಗಳನ್ನು ಜಾಲಾಡಿದರು.

ಇನ್ನೊಂದು ವಿನೋದ ಕೇಳಿ. ರಶ್ದಿಯ 'ಸೇಟಾನಿಕ್ ವರ್ಸಸ್' ದೇಶದೊಳಗೆ ಬಾರದಂತೆ 1988ರ ಅಕ್ಟೋಬರಿನಲ್ಲಿ ಸುಂಕದ ಇಲಾಖೆ ತಡೆ ಹಾಕಿತ್ತು. ಆ ಆದೇಶವನ್ನು ತೋರಿಸಿ ಎಂದು ಒಬ್ಬ ಓದುಗ ದೆಹಲಿ ಹೈಕೋರ್ಟಿಗೆ ಹೋದರೆ ಯಾವ ಅಧಿಕಾರಿಯ ಬಳಿಯೂ ಕಾಗದವಿಲ್ಲ! ಆದೇಶವೇ ಇಲ್ಲವೆಂದು ಭಾವಿಸಬೇಕಾಗುತ್ತದೆಂದು 2024ರ ನವೆಂಬರಿನಲ್ಲಿ ಕೋರ್ಟು ಹೇಳಿತು. ಮೂವತ್ತಾರು ವರ್ಷ ಇಡೀ ದೇಶದ ಓದುಗರನ್ನು ಕಟ್ಟಿಹಾಕಿದ್ದ ಕಾಗದ ಇದು.

ಹಿಂಸೆಗೆ ಕರೆಕೊಡುವ ಬರಹವನ್ನೂ ಬಿಡಬೇಕೆ, ಎಂದು ಕೆಲವು ಮಿತ್ರರು ಕೇಳುತ್ತಾರೆ. ಕೊಲ್ಲಿ, ಸುಡಿ ಎಂದು ಜನರನ್ನು ಎತ್ತಿಕಟ್ಟಿದವನ ಮೇಲೆ ಮೊಕದ್ದಮೆ ಹೂಡಲಿ, ತೆರೆದ ನ್ಯಾಯಾಲಯದಲ್ಲಿ ರುಜುವಾತು ಮಾಡಲಿ. ಅದಕ್ಕೆ ನಮ್ಮ ವಿರೋಧವಿಲ್ಲ. ಓದುವವನನ್ನು ಅಪರಾಧಿಯೆಂದು ಮೊದಲೇ ಎಣಿಸುವುದಕ್ಕೆ ನಮ್ಮ ವಿರೋಧ. ಹಣವುಳ್ಳವನು, ಇಂಗ್ಲಿಷ್ ಬಲ್ಲವನು ನಿಷೇಧಿತ ಪುಸ್ತಕವನ್ನು ಹೇಗಾದರೂ ತರಿಸಿಕೊಳ್ಳುತ್ತಾನೆ. ಮುಟ್ಟುಗೋಲಿನ ಪೆಟ್ಟು ಬೀಳುವುದು ಸಾರ್ವಜನಿಕ ಗ್ರಂಥಾಲಯವನ್ನು ನೆಚ್ಚಿದವನ ಮೇಲೆ, ಕನ್ನಡವೊಂದನ್ನೇ ಓದಬಲ್ಲವನ ಮೇಲೆ. 1965ರ ಗ್ರಂಥಾಲಯ ಕಾಯಿದೆಯಂತೆ ಕರ ತೆರುವವರು ಈ ಜನರೇ.

ನಮ್ಮ ಬೇಡಿಕೆ ಇಷ್ಟು. ಈ ರಾಜ್ಯದಲ್ಲಿ ಇಂದಿಗೂ ಜಾರಿಯಲ್ಲಿರುವ ಪ್ರತಿಯೊಂದು ಮುಟ್ಟುಗೋಲು ಆದೇಶವನ್ನೂ, ಅದಕ್ಕೆ ಕೊಟ್ಟ ಕಾರಣಸಮೇತ, ಸರ್ಕಾರ ಅಚ್ಚುಮಾಡಿ ಪ್ರತಿ ತಾಲ್ಲೂಕು ಗ್ರಂಥಾಲಯದ ಮೇಜಿನ ಮೇಲಿಡಲಿ. ಕಾಗದ ಸಿಗದ ಆದೇಶಗಳು ಅಂದೇ ರದ್ದಾಗಲಿ.